ತೊಳೆಯದ ತೊಟ್ಟಿಯ ಮಹಿಮೆ

ನಮ್ಮ ಮನೆಯ ಮೀನಿನ ತೊಟ್ಟಿಯನ್ನು ತಂದ ದಿನದಿಂದ ನಾನು ಒಂದು ಸಲವೂ ತೊಳೆದಿರಲಿಲ್ಲ. ನಾಚಿಕೆಯಿಂದ ಹೇಳಬೇಕಾದ ಮಾತಿದು ಎಂದು ನಿಮಗೆ ಅನ್ನಿಸಬಹುದು. ನಾನಂತೂ ಎದೆಯುಬ್ಬಿಸಿ ಹೇಳಿಕೊಂಡು ತಿರುಗುತ್ತಿದ್ದೆ! ಬಂಗಾರಪೇಟೆಯಿಂದ ವೈಟ್‌ಫೀಲ್ಡಿಗೆ ಹೋಗುವ ಬೆಳಗಿನ ರೈಲಿನಲ್ಲಿ ನನ್ನ ಜೊತೆ ನಿಂತುಕೊಂಡು ಬರುವವರಿಗೆಲ್ಲ ನನ್ನ ತೊಟ್ಟಿಯ ಕಥೆ ಬಾಯಿಪಾಠವಾಗಿತ್ತು. ಅವರು ಕೇಳಲೇಬೇಕು. ಆ ರೈಲಿನಲ್ಲಿ ತಪ್ಪಿಸಿಕೊಂಡು ಆಚೆ ಹೋಗಲು ಜಾಗವೇ ಇರುವುದಿಲ್ಲ.

ತೊಟ್ಟಿ ತಂದದ್ದು ಒಂದು ವಿಡಿಯೋ ನೋಡಿ. ಹೆಚ್ಚು ಕೆಲಸವಿಲ್ಲದೆ ಮನೆಯ ಅಕ್ವೇರಿಯಂ ಫಳಫಳ ಇಟ್ಟುಕೊಳ್ಳುವುದು ಹೇಗೆ ಎಂಬ ವಿಡಿಯೋ. 'ಹೆಚ್ಚು ಕೆಲಸವಿಲ್ಲದೆ' ಎಂಬ ಮಾತು ಎಲ್ಲಿ ಕಂಡರೂ ನಾನು ಭಕ್ತಿಯಿಂದ ನೋಡುವವನು. ಅದರಲ್ಲೊಬ್ಬ ಹೇಳುತ್ತಿದ್ದ: ತೊಟ್ಟಿಯನ್ನು ಬಿಸಿಲಿಗೆ ಇಡಬೇಡಿ, ನೀರೊಳಗೆ ಗಿಡ ನೆಡಿ, ಮೀನು ಕಡಿಮೆ ಬಿಡಿ, ಊಟ ಒಂದು ಚಿಟಿಕೆ ಸಾಕು, ಆಗ ತೊಟ್ಟಿ ತನ್ನನ್ನು ತಾನೇ ನೋಡಿಕೊಳ್ಳುತ್ತದೆ, ಆದರೆ... ಎನ್ನುವಷ್ಟರಲ್ಲಿ ಟೇಕಲ್ ಹತ್ತಿರ ನೆಟ್‌ವರ್ಕ್ ಹೋಯಿತು. ಆ 'ಆದರೆ' ಆದಮೇಲೆ ಏನಿತ್ತೋ ನನಗೆ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳುವ ಅಗತ್ಯವೂ ಕಾಣಲಿಲ್ಲ. ಸಿದ್ಧಾಂತ ಆಗಲೇ ಪೂರ್ತಿಯಾಗಿತ್ತು!

ತೊಟ್ಟಿಯನ್ನು ಹಿತ್ತಿಲ ಬಾಗಿಲ ಪಕ್ಕದ ನೆರಳಿನಲ್ಲಿ ಇಟ್ಟೆ. ಒಂದಿಷ್ಟು ಜಲ್ಲಿ, ಒಂದಿಷ್ಟು ಗಿಡ, ಕಿರುಬೆರಳಷ್ಟೂ ಇಲ್ಲದ ಗಪ್ಪಿ ಮೀನುಗಳು. ಅಷ್ಟೇ. ಆಮೇಲೆ ನಾನು ಆ ಕಡೆ ಕೈ ಹಾಕಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು, ವರ್ಷವೇ ಕಳೆಯಿತು. ನೀರು ಹಾಗೇ ಇದೆ! ಗಾಜು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ. ಸಂಜೆ ಕೆಲಸದಿಂದ ಬಂದು ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ನನಗೆ ನನ್ನ ಬಗ್ಗೆಯೇ ಗೌರವ ಬರುತ್ತಿತ್ತು.

ರೈಲಿನಲ್ಲಿ ನಂಜುಂಡಪ್ಪ ಅಂತ ಒಬ್ಬರಿದ್ದಾರೆ. ಅವರಿಗೆ ಎಲ್ಲದರ ಮೇಲೂ ಅನುಮಾನ.

"ಅಲ್ರೀ ವೆಂಕಟೇಶಪ್ಪ, ನೀರು ಕಮ್ಮಿ ಆಗಲ್ವಾ?" ಎಂದರು ಒಂದು ದಿನ.

"ಆಗಲ್ಲ. ಸಮತೋಲನ!" ಎಂದೆ.

"ಗಾಜಿಗೆ ಪಾಚಿ ಕಟ್ಟಲ್ವಾ?"

"ಅದೂ ಸಮತೋಲನ ಕಣ್ರೀ! ನಿಸರ್ಗ ತನ್ನ ಕೆಲಸ ತಾನು ಮಾಡ್ಕೊಳ್ಳುತ್ತೆ. ಮನುಷ್ಯ ಕೈ ಹಾಕಿದಾಗಲೇ ಕೆಡೋದು."

ನಂಜುಂಡಪ್ಪ ತಲೆಯಾಡಿಸಿದರು. ಒಪ್ಪಿ ಆಡಿಸಿದರೋ, ಗಾಡಿ ಕುಲುಕಿದ್ದಕ್ಕೆ ಆಡಿತೋ, ನಾನು ವಿಚಾರಿಸಲಿಲ್ಲ.

ಮನೆಗೆ ಯಾರಾದರೂ ನೆಂಟರು ಬಂದರೆ ಮೊದಲು ತೊಟ್ಟಿಯ ದರ್ಶನ, ಆಮೇಲೆ ಕಾಫಿ. ಒಂದು ಸಲ ನಾನು ಹೀಗೇ ವ್ಯಾಖ್ಯಾನ ಮಾಡುತ್ತಿದ್ದಾಗ ನನ್ನ ಹೆಂಡತಿ ಮಂಜುಳಾ ಅಡುಗೆಮನೆಯಿಂದ ಇಣುಕಿ, "ಅದ್ರಾಗಿನ ನೀರು..." ಎಂದು ಏನೋ ಶುರು ಮಾಡಿದಳು.

"ನೀನು ಸುಮ್ನಿರೇ, ಇದು ಸೈನ್ಸು. ಕಾಫಿ ತಾ," ಎಂದೆ.

ಅವಳು ಕಾಫಿ ತಂದಳು. ಅವಳಿಗೆ ಒಂದು ಹಸು, ಡೈರಿಗೆ ಹಾಲು ಹಾಕುವ ಕೆಲಸ, ಹಿತ್ತಿಲಲ್ಲಿ ಸಾಲಾಗಿ ಕನಕಾಂಬರದ ಗಿಡಗಳು. ನನ್ನ ಸೈನ್ಸಿಗೆ ತಲೆ ಕೊಡಲು ಅವಳಿಗೆ ಪುರುಸೊತ್ತಿರಲಿಲ್ಲ.

ಹೀಗಿರುವಾಗ ಚಿನ್ನದ ಗಣಿಯೂರಾದ ಚಾಂಪಿಯನ್ ರೀಫ್ಸ್‌ನಿಂದ ನಮ್ಮ ಸರೋಜಕ್ಕ ಫೋನ್ ಮಾಡಿದಳು.

ಅಕ್ಕನ ಮನೆಯ ಕಥೆಯನ್ನು ಸ್ವಲ್ಪ ಹೇಳಬೇಕು. ನಮ್ಮ ಭಾವ ಹುಡುಗನಾಗಿದ್ದಾಗ ಚಿನ್ನದ ಗಣಿಯೊಳಗೆ ನೀರೆತ್ತುವ ಪಂಪು ನೋಡಿಕೊಳ್ಳುತ್ತಿದ್ದವರು. ಗಣಿ ಮುಚ್ಚಿದ ಮೇಲೆ ಊರವರ ಮೋಟಾರು, ಪಂಪು ರಿಪೇರಿ ಮಾಡಿಕೊಂಡು ಸಂಸಾರ ತೂಗಿಸಿದರು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜನರನ್ನು ನಗಿಸುವ ಬಾಯಿ. ಭಾವ ಇದ್ದಾರೆ ಅಂದರೆ ಆ ಬೀದಿಯಲ್ಲಿ ಟಿವಿ ಬೇಕಿರಲಿಲ್ಲ. ಅಂಥವರು ಈ ಸಲದ ಮಳೆಗಾಲದಲ್ಲಿ ಸ್ಕೂಟರಿನಿಂದ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಒಳಗೆ ರಾಡು ಕೂತಿತು. ಡಾಕ್ಟರು ತಾವು ಹೇಳುವ ತನಕ ಕಾಲು ನೆಲಕ್ಕೆ ತಾಗಿಸಲೇಬಾರದು ಎಂದು ಕಟ್ಟಪ್ಪಣೆ ಮಾಡಿದ್ದರು. ಗಣಿಯ ಕಾಲದಲ್ಲಿ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನು ಮನೆಯ ಮುಂದಿನ ಕೋಣೆಯಲ್ಲಿ ಮಂಚ ಹಾಕಿ ಮಲಗಿಸಿದರು. ಮಲಗಿದ ಭಾವ ಮಾತು ನಿಲ್ಲಿಸಿಬಿಟ್ಟರು.

ಮಂಚದ ಕಾಲ್ದೆಸೆಯಲ್ಲಿ ಕಿಟಕಿಗೆ ಒತ್ತಿದ ಮೇಜಿನ ಮೇಲೆ ಒಂದು ಗಾಜಿನ ತೊಟ್ಟಿ. ಅದರೊಳಗೆ ಭಾವ ವರ್ಷಗಳಿಂದ ಸಾಕಿದ, ಅಂಗೈ ಅಗಲದ ಕಿತ್ತಳೆ ಬಣ್ಣದ ಗೋಲ್ಡ್‌ಫಿಶ್. ಅದರ ಹೆಸರು ದೊರೈ. ಹಿಂದೆ ಗಣಿಯ ಸಾಹೇಬರುಗಳನ್ನು ಅಲ್ಲಿಯ ಜನ ಕರೆಯುತ್ತಿದ್ದದ್ದು ಹಾಗೆ. "ನೋಡಪ್ಪಾ, ಒಟ್ಟೆ ಮುಂದೆ ಬುಟ್ಕೊಂಡು ರೌಂಡ್ಸ್ ಒಡೀತಾನೆ, ಎಲ್ಲಾನೂ ನೋಡ್ತಾನೆ, ಒಂದು ಕೆಲ್ಸಾನೂ ಮಾಡಲ್ಲ. ದೊರೈ ಅಲ್ದೆ ಇನ್ನೇನು?" ಎನ್ನುತ್ತಿದ್ದರು ಭಾವ, ಮಾತಾಡುತ್ತಿದ್ದ ಕಾಲದಲ್ಲಿ.

"ಲೋ ಯಂಕಟೇಸ," ಎಂದಳು ಅಕ್ಕ ಫೋನಿನಲ್ಲಿ, "ನಿನ್ ಟ್ಯಾಂಕು ತೊಳೀದೇನೇ ಫಳಫಳ ಅಂತೈತೆ ಅಂತೀಯಲ್ಲಾ, ನಮ್ದುಕ್ಕೂ ಏನಾನ ದಾರಿ ಮಾಡ್ಲಾ. ಇಷ್ಟ್ ದಿನ ಇವ್ರೇ ಬಾನುವಾರ ಬಾನುವಾರ ತೊಳೀತಿದ್ರು. ಈಗ ನೀರೆಲ್ಲಾ ಅಸ್ರಾಗೈತೆ. ದೊರೈ ಸರಿಯಾಗ್ ಕಾಣಾಕಿಲ್ಲ. ನಿಮ್ ಬಾವ ನನ್ ಕೂಡ ಮಾತಾಡಲ್ಲ, ಬಂದೋರ್ ಕೂಡ ಮಾತಾಡಲ್ಲ, ಆ ಮೀನ್ ಕೂಡ ಮಾತ್ರ ಒಂದೊಂದು ಮಾತಾಡ್ತಾರೆ. ಅದೂ ಓದ್ರೆ ಈ ಮನುಷ್ಯ ಎಂಗ್ಲಾ ಬದುಕೋದು?"

ಅಕ್ಕನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. ನನಗೆ ಸಂಕಟವಾಯಿತು. ಅದರ ಜೊತೆಗೇ, ಸುಳ್ಳೇಕೆ ಹೇಳಲಿ, ಸಣ್ಣ ಹೆಮ್ಮೆಯೂ ಆಯಿತು. ಕೊನೆಗೂ ನನ್ನ ವಿದ್ಯೆಗೆ ಕರೆ ಬಂದಿತ್ತು!

ಭಾನುವಾರ ಹೋದೆ. ತೊಟ್ಟಿಯ ನೀರು ಬಸಳೆ ಸೊಪ್ಪು ಬೇಯಿಸಿ ಬಸಿದ ಹಾಗಿತ್ತು. ನಡುವೆ ಎಲ್ಲೋ ಒಂದು ಕಿತ್ತಳೆ ನೆರಳು ಓಡಾಡುತ್ತಿತ್ತು. ನಾನು ತೊಟ್ಟಿಯನ್ನು ನಾಲ್ಕು ಕಡೆಯಿಂದ ನೋಡಿ, ಗಲ್ಲ ತುರಿಸಿಕೊಂಡು, ತೀರ್ಪು ಕೊಟ್ಟೆ.

"ಅಕ್ಕಾ, ಇಷ್ಟು ವರ್ಷ ತೊಳೆದದ್ದೇ ತಪ್ಪು."

"ಆ?"

"ಹೂಂ. ತೊಳೆದೂ ತೊಳೆದೂ ಇದಕ್ಕೆ ಸೋಮಾರಿತನ ಬಂದುಬಿಟ್ಟಿದೆ. ತನ್ನನ್ನು ತಾನು ನೋಡಿಕೊಳ್ಳೋದನ್ನೇ ಮರೆತಿದೆ. ಇನ್ನು ಮೇಲೆ ಯಾರೂ ಕೈ ಹಾಕಬಾರದು."

ಮಂಚದಿಂದ ಭಾವ ಬಾಯಿ ತೆರೆದರು. "ನೀರು ಬದ್ಲಾಯಿಸ್ಬೇಕು ಬಾಮೈದ."

ಬಿದ್ದಮೇಲೆ ಅವರು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಬುದ್ಧಿ ಇದ್ದವನಾದರೆ ಅಲ್ಲಿಗೇ ನಿಲ್ಲಿಸಿ ಬಕೆಟ್ ಹುಡುಕುತ್ತಿದ್ದ. ನಾನು ಸಮತೋಲನದ ಬಗ್ಗೆ ಭಾಷಣ ಮಾಡಿದೆ. ಭಾವ ಕೇಳಿದರು. ಎದ್ದು ಹೋಗಲು ಅವರಿಗೂ ಆಗುತ್ತಿರಲಿಲ್ಲವಲ್ಲ.

ತಂದಿದ್ದ ಗಿಡಗಳನ್ನು ನೆಟ್ಟೆ. ಬುರುಬುರು ಎನ್ನುವ ಗಾಳಿ ಯಂತ್ರವನ್ನು, ನಿಸರ್ಗದಲ್ಲಿ ಇಂಥದ್ದು ಎಲ್ಲಿರುತ್ತೆ ಎಂದು ಪ್ಲಗ್ಗಿನಿಂದ ಕಿತ್ತೆ. ಪಾಚಿ ತಿನ್ನಲೆಂದು ನಾಲ್ಕಾರು ಬಸವನಹುಳು ಬಿಟ್ಟೆ.

"ಅಂದ್ರೆ ನಾನೇನೂ ಮಾಡ್ಬೇಕಾಗಿಲ್ವಾ?" ಎಂದಳು ಅಕ್ಕ, ನಂಬಲಾಗದೆ.

"ಏನೂ ಮಾಡಬಾರದು! ಅದೇ ಔಷಧಿ."

"ಅಬ್ಬೋ, ನನ್ನಪ್ಪ! ತಮ್ಮ ಅಂದ್ರೆ ನೀನು ಕಣ್ಲಾ," ಎಂದು ಅಕ್ಕ ಅಲ್ಲೇ ಗೋಡೆಗೊರಗಿ ಒಂದು ಗಳಿಗೆ ಕೂತಳು. ಆಮೇಲೆ ಎದ್ದು ಮುದ್ದೆ, ಕೋಳಿಸಾರು ಮಾಡಿ ಬಡಿಸಿದಳು. ನಾನು ಎರಡನೇ ಮುದ್ದೆಯನ್ನೂ ಹಾಕಿಸಿಕೊಂಡೆ. ವೈದ್ಯನಿಗೆ ದಕ್ಷಿಣೆ ಬೇಡವೇ?

ಕೆಲವು ದಿನಗಳ ಮೇಲೆ ರೈಲಿನಲ್ಲಿದ್ದಾಗ ಅಕ್ಕನ ಫೋನು.

"ಯಂಕಟೇಸ, ನೀರು ಇನ್ನೂ ಅಸ್ರಾಯ್ತು ಕಣ್ಲಾ."

"ಆಗುತ್ತೆ ಅಕ್ಕಾ. ಅದು ಸಮತೋಲನ ಹುಡುಕ್ತಾ ಇದೆ."

"ಉಡುಕ್ಲಿ, ಆದ್ರೆ ನಾತ ಒಡೀತೈತಲ್ಲಾ!"

"ಹುಡುಕುವಾಗ ಸ್ವಲ್ಪ ವಾಸನೆ ಬರುತ್ತೆ."

ಪಕ್ಕದಲ್ಲಿದ್ದ ನಂಜುಂಡಪ್ಪ ಕೆಮ್ಮಿದರು. ನಾನು ಕಿಟಕಿ ಕಡೆ ತಿರುಗಿಕೊಂಡೆ.

ಮುಂದಿನ ಫೋನು ಬಸವನಹುಳುಗಳ ಬಗ್ಗೆ. ಅವು ಪಾಚಿಯನ್ನು ಬಿಟ್ಟು ನಾನು ನೆಟ್ಟ ಗಿಡಗಳನ್ನು ತಿಂದು ಮುಗಿಸಿದ್ದವು. ತಿಂದು, ಸುಖವಾಗಿ ಸಂಸಾರ ಮಾಡಿ, ಮಕ್ಕಳು ಮೊಮ್ಮಕ್ಕಳ ಸಮೇತ ಗಾಜು ಹತ್ತಿ, ಕಿಟಕಿ ದಾಟಿ, ಗೋಡೆ ಮೇಲೆ ಮೆರವಣಿಗೆ ಹೊರಟಿದ್ದವು. "ಬೆಳಿಗ್ಗೆ ಎದ್ ನೋಡ್ತೀನಿ, ಇವ್ರ ದಿಂಬಿನ್ ಮ್ಯಾಲೊಂದು ಕುಂತೈತೆ! ಇವ್ರು ಅದುನ್ನ ನೋಡ್ತಾ ಮಲ್ಗವ್ರೆ. ಓಡ್ಸೂ ಇಲ್ಲ, ಕೂಗೂ ಇಲ್ಲ," ಎಂದಳು ಅಕ್ಕ. ಹಿಂದಿನ ಭಾವನಾಗಿದ್ದರೆ ಆ ಹುಳುವಿನ ಮೇಲೆ ಒಂದು ವಾರ ನಗಿಸುತ್ತಿದ್ದರು. ಆ ಮಾತು ನನಗೆ ಚುಚ್ಚಿತು. ಚುಚ್ಚಿದ್ದಕ್ಕೆ ಸುಮ್ಮನಿರಬೇಕಾಗಿತ್ತು. ಸುಮ್ಮನಿರುವುದೇ ನನ್ನ ಸಿದ್ಧಾಂತ, ಆದರೆ ಬೇಕಾದಾಗ ಅದು ಕೈಕೊಟ್ಟಿತು!

ರಾಬರ್ಟ್‌ಸನ್‌ಪೇಟೆಯ ಒಂದು ಅಂಗಡಿಗೆ ಹೋಗಿ ವಿಚಾರಿಸಿದೆ. ಅಂಗಡಿಯವನು ಕಪ್ಪಗೆ, ಬಾಯಿಯಿಂದ ಗಾಜಿಗೆ ಅಂಟಿಕೊಂಡಿದ್ದ ಒಂದು ಮೀನು ತೋರಿಸಿದ. "ಕ್ಲೀನರ್ ಮೀನು ಸಾರ್. ಗಾಜಿಗೆ ಅಂಟ್ಕೊಂಡು ಪಾಚಿನೆಲ್ಲ ನೆಕ್ಕಿಬಿಡುತ್ತೆ. ಆಳು ಇಟ್ಟಂಗೆ," ಎಂದ. ಸಂಬಳವಿಲ್ಲದ ಆಳು! ನನಗೆ ಇನ್ನೇನು ಬೇಕು? ತಂದು ತೊಟ್ಟಿಗೆ ಬಿಟ್ಟೆ.

ಕ್ಲೀನರ್ ಮೀನು ಗಾಜನ್ನು ಒಂದು ಸುತ್ತು ನೋಡಿತು. ಪಾಚಿಯನ್ನು ನೋಡಿತು. ದೊರೈಯನ್ನೂ ನೋಡಿತು. ದೊರೈ ಹೆಚ್ಚು ರುಚಿ ಎಂದು ತೀರ್ಮಾನ ಮಾಡಿತು.

ಇದು ನನಗೆ ತಿಳಿದದ್ದು ಎರಡು ದಿನ ಬಿಟ್ಟು, ಅಕ್ಕನ ಫೋನಿನಿಂದ. ಈ ಸಲ ಅಕ್ಕ ಬೈಯಲಿಲ್ಲ. ಅದಕ್ಕೇ ಹೆದರಿದೆ.

"ಆ ಕರೀದು ದೊರೈ ಮೈಗೆ ಅಂಟ್ಕೊಂಡ್ಬುಟ್ಟೈತೆ. ಅದು ಒಂದ್ ಪಕ್ಕಕ್ಕೆ ವಾಲ್ಕೊಂಡು ಮ್ಯಾಲ್ ಬಂದು ಬಾಯ್ಬಾಯ್ ಬುಡ್ತೈತೆ. ನಿಮ್ ಬಾವ ನೆನ್ನೆಯಿಂದ ಅನ್ನ ಮುಟ್ಟಿಲ್ಲ. ಈಗ ನಾನೇ ಎದ್ದು ನೀರು ಬದ್ಲಾಯಿಸ್ತೀನಿ ಅಂತ ಮಂಚದ್ ಅಂಚಿಗೆ ಬಂದು ಕುಂತವ್ರೆ. ನಾನು ಅಡ್ಡ ನಿಂತಿವ್ನಿ. ಬಾರ್ಲಾ ಬ್ಯಾಗ!"

ಕೆಲಸಕ್ಕೆ ರಜೆ ಹೇಳಿ, ಎದುರಿಗೆ ಸಿಕ್ಕಿದ ಗಾಡಿ ಹಿಡಿದು ಓಡಿದೆ. ಹೋದಾಗ ಅಕ್ಕ ಎರಡೂ ಕೈ ಚಾಚಿ ಮಂಚಕ್ಕೆ ಅಡ್ಡವಾಗಿ ನಿಂತೇ ಇದ್ದಳು. ಭಾವನ ಮುಖ ಬೆವತಿತ್ತು. ಅವರ ಕಾಲಿಗೂ ನೆಲಕ್ಕೂ ಒಂದು ಗೇಣು ಅಂತರ ಅಷ್ಟೇ.

"ಭಾವ, ಕಾಲು ಮೇಲೆ ಹಾಕ್ಕೊಳ್ಳಿ. ದೊರೈನ ನಮ್ಮನೆಗೆ ತಗೊಂಡು ಹೋಗ್ತೀನಿ. ನಮ್ಮ ತೊಟ್ಟೀಲಿ ಬಿಟ್ರೆ ಸರಿಹೋಗ್ತಾನೆ. ನೀವೇ ನೋಡಿದೀರಲ್ಲ, ನಮ್ಮ ನೀರು ಹೇಗಿದೆ!"

ಅಷ್ಟಾದರೂ ನನಗೆ ನನ್ನ ತೊಟ್ಟಿಯ ಮೇಲೆ ನಂಬಿಕೆ ಹೋಗಿರಲಿಲ್ಲ ನೋಡಿ. ತಪ್ಪು ಈ ತೊಟ್ಟಿಯದು, ನನ್ನ ಸಿದ್ಧಾಂತದ್ದಲ್ಲ ಎಂದೇ ಎಣಿಸಿದ್ದೆ.

ಕರಿ ಮೀನನ್ನು ಬಿಡಿಸಿ, ಅಂಗಡಿಗೆ ವಾಪಸು ಕೊಡಲೆಂದು ಬೇರೆ ಪಾತ್ರೆಗೆ ಹಾಕಿದೆವು. ದೊರೈಯ ಪಕ್ಕದಲ್ಲಿ ಒಂದು ಬಿಳಿ ಗಾಯ, ಬಾಲ ಹರಿದಿತ್ತು. ಮದುವೆಮನೆಯಲ್ಲಿ ಸಾಂಬಾರು ಬಡಿಸುವಂಥ ಒಂದು ಮುಚ್ಚಳದ ಬಕೆಟ್ಟಿಗೆ ಡ್ರಮ್ಮಿನ ನೀರು ಹಾಕಿ ದೊರೈಯನ್ನು ಬಿಟ್ಟೆವು. ಹೊರಡುವಾಗ ಭಾವ ನನ್ನ ಮುಂಗೈ ಹಿಡಿದರು.

"ತಿರ್ಗಾ ತತ್ತೀಯಾ?" ಎಂದರು.

"ತರ್ತೀನಿ ಭಾವ."

"ಪಾವಂ ಅದು, ಪಾಪ. ಅದುಕ್ಕೆ ಏನೂ ಗೊತ್ತಾಗಲ್ಲ," ಎಂದರು. ಕೈ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು.

ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಕೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಎದುರಿಗಿದ್ದ ಅಜ್ಜಿ ಬಕೆಟ್ಟನ್ನೇ ನೋಡುತ್ತಿದ್ದಳು.

"ಏನ್ ಸಾರಪ್ಪಾ?"

"ಸಾರಲ್ಲ ಅಜ್ಜಿ. ಮೀನು."

"ಮೀನ್ ಸಾರಾ?" ಎಂದು ಮುಚ್ಚಳ ಎತ್ತಿದವಳು ಹಿಂದಕ್ಕೆ ಹಾರಿದಳು. "ಅಯ್ಯೋ, ಜೀವ ಐತಲ್ಲಪ್ಪೋ! ಎಲ್ಲೀಗ್ ತಕೊಂಡೋಗ್ತಿದ್ದೀಯ?"

"ಆಸ್ಪತ್ರೆಗೆ," ಎಂದೆ. ಅವಳು ಬಂಗಾರಪೇಟೆ ಬರುವ ತನಕ ನನ್ನ ಕಡೆ ನೋಡಲಿಲ್ಲ. ಪ್ರತಿ ಕುಲುಕಿಗೂ ನನ್ನ ಪ್ಯಾಂಟು ಒದ್ದೆಯಾಗುತ್ತಿತ್ತು. ನಾನು ಒಳಗಿನ ಮೀನಿಗೆ ಪಿಸುಗುಟ್ಟುತ್ತಾ ಬಂದೆ: ಸಾಯಬೇಡಪ್ಪಾ ದೊರೈ, ದಮ್ಮಯ್ಯ, ಸಾಯಬೇಡ.

ಕೆಲಸದ ದಿನ ಹಗಲು ಹೊತ್ತಿನಲ್ಲಿ ನಾನು ನಮ್ಮ ಮನೆಯನ್ನು ನೋಡಿ ಎಷ್ಟು ಕಾಲವಾಗಿತ್ತೋ! ಬಕೆಟ್ ಹಿಡಿದು ಹಿತ್ತಿಲ ಬಾಗಿಲಿಗೆ ಬಂದು ನೋಡುತ್ತೇನೆ, ಮಂಜುಳಾ ನನ್ನ ತೊಟ್ಟಿಯ ಮುಚ್ಚಳ ತೆಗೆದು, ಚೊಂಬು ಅದ್ದಿ ಅದ್ದಿ, ನೀರನ್ನು ಮೊಗೆದು ಪಕ್ಕದ ಬಕೆಟ್ಟಿಗೆ ಸುರಿಯುತ್ತಿದ್ದಾಳೆ.

"ಏಯ್! ಏನೇ ಮಾಡ್ತಿದೀಯಾ?"

ಅವಳು ತಿರುಗಿ ನೋಡಿದಳು. "ಇದೇನ್ ಇಷ್ಟೊತ್ಗೇ ಬಂದ್ರಿ? ಗಿಡಕ್ಕೆ ನೀರಾಕಾಕೆ."

"ತೊಟ್ಟೀಯಿಂದಾನಾ?"

"ಊಂ. ಮೀನ್ ನೀರು ಆಕಿದ್ರೆ ಕನಕಾಂಬ್ರ ಒಳ್ಳೇ ಗೊಂಚ್ಲು ಬುಡ್ತೈತೆ. ಗೊಬ್ರ ಇದ್ದಂಗೆ."

"ಎಷ್ಟು ದಿನದಿಂದ?"

"ಟ್ಯಾಂಕ್ ತಂದಾಗ್ನಿಂದಾನೂ. ನೀವು ಕೆಲ್ಸಕ್ಕೆ ಓದ್ಮ್ಯಾಲೆ ದಿನಾ ಒಂದ್ ಬಕೀಟು ತಗೀತೀನಿ, ಡ್ರಮ್ಮಿಂದ ಒಂದ್ ಬಕೀಟು ಉಯ್ತೀನಿ. ಟಿವಿ ಒರ್ಸೋವಾಗ ಈ ಗಾಜೂ ಒಂದ್ ಸುತ್ತು ಒಳ್ಗೆ ಒರಗೆ ಒರಸ್ಬುಡ್ತೀನಿ. ಯಾಕೆ?"

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ನಮ್ಮ ಕಡೆ ನಲ್ಲಿಯಲ್ಲಿ ನೀರು ಬರುವುದೇ ಅಪರೂಪ. ಬಂದ ದಿನ ಡ್ರಮ್ಮು, ಕೊಡ, ಪಾತ್ರೆ, ಕೊನೆಗೆ ಚೊಂಬು ಕೂಡ ತುಂಬಿಟ್ಟುಕೊಳ್ಳುವ ಜನ ನಾವು. ನಮ್ಮ ಹೆಂಗಸರು ಯಾವ ನೀರನ್ನೂ ಒಂದೇ ಸಲಕ್ಕೆ ಬಿಟ್ಟುಕೊಡುವುದಿಲ್ಲ. ಬಟ್ಟೆ ಜಾಲಿಸಿದ್ದು ಅಂಗಳಕ್ಕೆ, ಅಕ್ಕಿ ತೊಳೆದದ್ದು ಕಲಗಚ್ಚಾಗಿ ಹಸುವಿಗೆ. ಮೀನಿನ ನೀರು ಮಾತ್ರ ಹಾಗೇ ನಿಂತಿರುತ್ತದೆ ಎಂದು ನಾನೊಬ್ಬ ನಂಬಿದ್ದೆ!

"ಒಂದು ಮಾತು ಹೇಳಬಾರದಿತ್ತಾ?" ಎಂದೆ.

"ಕಲ್ಗಚ್ಚು ಅಸೀಗಾಕ್ತೀನಿ, ಅದುನ್ನ ಏಳಿದ್ದೀನಾ?" ಎಂದಳು. ಅವಳ ಮುಖದಲ್ಲಿ ತಮಾಷೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ತೊಟ್ಟಿ ತೊಳೆಯುತ್ತಿದ್ದೇನೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಗಿಡಕ್ಕೆ ನೀರು ಹಾಕುತ್ತಿದ್ದಳು, ಅಷ್ಟೇ.

ನಾನು ಬಕೆಟ್ಟಿನ ಮುಚ್ಚಳ ತೆಗೆದು ಎಲ್ಲವನ್ನೂ ಹೇಳಿದೆ. ಸಿದ್ಧಾಂತ, ಬಸವನಹುಳು, ಕ್ಲೀನರ್ ಮೀನು, ಮಂಚದ ಅಂಚು, ಯಾವುದನ್ನೂ ಬಿಡಲಿಲ್ಲ. ಅವಳು ಕೇಳುತ್ತಲೇ ದೊರೈಯನ್ನು ಎರಡೂ ಕೈಯಲ್ಲಿ ಎತ್ತಿ, ಹಸು ನೀರು ಕುಡಿಯುವ ಕಲ್ಲುಬಾನಿಗೆ ಬಿಟ್ಟಳು. ಅಷ್ಟು ದೊಡ್ಡ ಮೀನು ನಮ್ಮ ಸಣ್ಣ ತೊಟ್ಟಿಯಲ್ಲಿ ಉಸಿರಾಡಲಾರದಂತೆ. ಗಾಯಕ್ಕೆ ಒಳ್ಳೆಯದೆಂದು ಬಾನಿಗೆ ಒಂದಿಷ್ಟು ಕಲ್ಲುಪ್ಪು ಹಾಕಿದಳು. ಹಸು ಬಂದು ಬಾನಿಯೊಳಗೆ ಇಣುಕಿ, ದೊರೈಯನ್ನು ಕಂಡು, ನನ್ನ ಮುಖ ನೋಡಿತು. ಆ ನೋಟವನ್ನು ನಾನು ಮರೆಯಲಾರೆ.

"ಅಕ್ಕಂಗೆ ಏನೂ ಮಾಡ್ಬೇಡ ಅಂತ ಏಳಿ ಬಂದ್ರಾ ನೀವು?" ಎಂದಳು ಮಂಜುಳಾ, ಬಾನಿಯ ಅಂಚಿಗೆ ಕೂತು.

"ಟ್ಯಾಂಕಿಗೆ ಹೇಳಿದ್ದು ಕಣೇ..."

"ಗೊತ್ತು. ಆ ಮನೇಲಿ ಅಕ್ಕ ಏನೂ ಮಾಡ್ದೆ ಇದ್ರೆ ಮಲ್ಗಿರೋ ಅಣ್ಣನ ಗತಿ ಏನ್ರೀ? ಗಳಿಗೆಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕು. ಮೈ ಒರಸ್ಬೇಕು, ಬೆನ್ನಿಗೆ ಪೌಡ್ರು ಆಕ್ಬೇಕು, ಇಲ್ದಿದ್ರೆ ಉಣ್ಣು ಬೀಳ್ತೈತೆ. ಉಚ್ಚೆ ಪ್ಯಾನು ಎತ್ಬೇಕು. ದಿನಾ ಆಸ್ಗೆ ಬಟ್ಟೆ ಒಗೀಬೇಕು, ಆ ನೀರಿಲ್ದಿರೋ ಊರ್ನಾಗೆ. ಅದುಕ್ಕೇ ಆ ಟ್ಯಾಂಕಿನ ಕಡೆ ಕೈ ಆಡಿಲ್ಲ ಆಯಮ್ಮಂಗೆ. ನೀವು ಓಗಿದ್ರಲ್ಲ, ಕಾಣ್ಲಿಲ್ವಾ?"

ಕಂಡಿರಲಿಲ್ಲ. ಎಷ್ಟು ಸಲ ಹೋಗಿದ್ದೆ! ಆ ಮಂಚದ ಮೇಲೆ ಯಾವಾಗಲೂ ಬಿಳೀ ಹೊದಿಕೆ. ಭಾವನ ಮುಖದಲ್ಲಿ ನುಣ್ಣನೆ ಕ್ಷೌರ, ಹಣೆಯ ಮೇಲೆ ವಿಭೂತಿ. ಕೋಣೆಯಲ್ಲಿ ಸೋಪಿನ ವಾಸನೆ. ಅದೆಲ್ಲ ಹಾಗೇ ಇರುತ್ತದೆ ಎಂದು ನಾನು ಅಂದುಕೊಂಡಿದ್ದೆ ಎಂದರೂ ತಪ್ಪು. ಅಂದುಕೊಂಡೇ ಇರಲಿಲ್ಲ. ಬೆಳಗಿನಿಂದ ಒಂದು ಗಳಿಗೆ ಕೂರದ ಹೆಂಗಸಿಗೆ, 'ಏನೂ ಮಾಡಬಾರದು, ಅದೇ ಔಷಧಿ' ಎಂದು ಹೇಳಿ, ಅವಳ ಕೈಯಲ್ಲೇ ಕೋಳಿಸಾರು ಮಾಡಿಸಿಕೊಂಡು ಉಂಡು ಬಂದಿದ್ದೆ. ಎರಡು ಮುದ್ದೆ! ನನಗೆ ನಿಜವಾಗಿಯೂ ನಾಚಿಕೆಯಾಯಿತು.

ದೊರೈ ಬದುಕಿದ. ಬಾನಿಯ ನೀರನ್ನು ಮಂಜುಳಾ ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಬದಲಾಯಿಸಿದಳು. ಅವಳು ಹಾಲು ಹಾಕಲು ಹೋದಾಗ ನಾನು ಬದಲಾಯಿಸಿದೆ. ಹಸುವಿಗೆ ಬಕೆಟ್ಟಿನಲ್ಲಿ ನೀರು ಕೊಟ್ಟೆವು, ಅದು ಅವಮಾನ ಸಹಿಸಿಕೊಂಡು ಕುಡಿಯಿತು. ದಿನಾ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಮೀನನ್ನು ತೋರಿಸುತ್ತಿದ್ದೆ. ಭಾವ ಮೊಬೈಲನ್ನು ಮೂಗಿಗೆ ಹತ್ತಿರ ಹಿಡಿದು ನೋಡುತ್ತಿದ್ದರು. ನೋಡಿದ ಮೇಲೆ ನಾಲ್ಕು ತುತ್ತು ಉಣ್ಣುತ್ತಿದ್ದರಂತೆ.

ದೊರೈ ನೆಟ್ಟಗೆ ಈಜಲು ಶುರು ಮಾಡಿದ ಮೇಲೆ ಒಂದು ಭಾನುವಾರ ಇಬ್ಬರೂ ಅದೇ ಬಕೆಟ್ಟಿನಲ್ಲಿ ಅವನನ್ನು ಕರೆದುಕೊಂಡು ಚಾಂಪಿಯನ್ ರೀಫ್ಸಿಗೆ ಹೋದೆವು. ಮಂಜುಳಾ ಸೀದಾ ಹಿತ್ತಿಲಿಗೆ ಹೋಗಿ, ಅಕ್ಕನ ಕೈಯಿಂದ ಹೊದಿಕೆಗಳನ್ನು ಕಿತ್ತುಕೊಂಡು ಒಗೆಯಲು ಕೂತಳು. ತೊಟ್ಟಿಯ ಕೆಲಸ ನನ್ನದು ಎಂದು ನಾನು ಘೋಷಿಸಿದೆ. ಯಾರೂ ಬೇಡ ಅನ್ನಲಿಲ್ಲ.

ಹಸಿರು ನೀರನ್ನು ಚೊಂಬಿನಲ್ಲಿ ಮೊಗೆದರೆ ಮಂಚವೆಲ್ಲ ಒದ್ದೆಯಾಗುತ್ತದೆ. ಭಾವನ ರಿಪೇರಿ ಸಾಮಾನಿನಲ್ಲಿ ಒಂದು ಉದ್ದನೆಯ ರಬ್ಬರ್ ಕೊಳವೆ ಸಿಕ್ಕಿತು. ಒಂದು ತುದಿಯನ್ನು ತೊಟ್ಟಿಗೆ ಇಳಿಬಿಟ್ಟು, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಎಳೆದರೆ ನೀರು ತಾನಾಗಿ ಕೆಳಗಿನ ಬಕೆಟ್ಟಿಗೆ ಹರಿಯುತ್ತದೆ. ಅಷ್ಟು ನನಗೂ ಗೊತ್ತಿತ್ತು. ಎಳೆದೆ. ಬರೀ ಗಾಳಿ ಬಂತು. ಇನ್ನೂ ಜೋರಾಗಿ ಎಳೆದೆ.

"ಬಾಮೈದ," ಎಂದರು ಭಾವ.

ನಾನು ಕೈಸನ್ನೆಯಿಂದಲೇ ತಡೆದೆ. ನನಗೆ ಗೊತ್ತು ಎಂದು.

"ಬಾಮೈದ, ನೀರು ಏರ್ತಾ ಐತೆ. ಸಾಕು. ಬಾಯಿ ತಗಿ."

ಕಣ್ಣು ಮುಚ್ಚಿ, ಕೆನ್ನೆ ಒಳಗೆ ಹೋಗುವಂತೆ, ಇದ್ದ ಬದ್ದ ಉಸಿರನ್ನೆಲ್ಲ ಹಾಕಿ ಎಳೆದೆ.

"ಬಾಯಿ ತಗಿಯೋ! ತಗಿಯೋ ಮಾರಾಯಾ! ತಗಿ...!"

ಬಂತು! ಪಾಚಿ, ಕೊಳೆತ ಬೇರು, ದೊರೈ ತಿಂಗಳಿಂದ ಕೂಡಿಟ್ಟ ಸಮಸ್ತ ಐಶ್ವರ್ಯ, ಎಲ್ಲ ಒಟ್ಟಿಗೆ ಗಂಟಲಿಗೆ ಬಂತು. ಅರ್ಧ ನುಂಗಿದೆ. ಅರ್ಧ ಮೂಗಿನಿಂದ ಹೊರಗೆ ಬಂತು. ಕೊಳವೆ ಕೈಜಾರಿ ಹಾವಿನಂತೆ ಕುಣಿದು ನನ್ನ ಅಂಗಿಯನ್ನೆಲ್ಲ ಹಸಿರು ಮಾಡಿತು. ಕೆಮ್ಮುತ್ತಾ, ಕಣ್ಣೀರು ಸುರಿಸುತ್ತಾ ತಲೆ ಎತ್ತಿದರೆ, ಮೇಲ್ತುಟಿಗೆ ಏನೋ ಅಂಟಿಕೊಂಡಿದೆ. ಬಸವನಹುಳು!

ಮಂಚದ ಕಡೆಯಿಂದ ಒಂದು ಸದ್ದು ಬಂತು. ಮೊದಲು ಭಾವನಿಗೆ ನೋವಾಯಿತೇನೋ ಎಂದುಕೊಂಡೆ. ಅವರು ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು, ಬಾಯಿ ತೆರೆದು, ಉಸಿರು ಸಿಗದೆ ಒದ್ದಾಡುತ್ತಿದ್ದರು. ಮಂಚ ಕಟಕಟ ಅನ್ನುತ್ತಿತ್ತು. "ಅಯ್ಯಯ್ಯೋ... ಮೀಸೆ... ಮೀಸೆಗೆ..." ಎಂದರು.

ಅಕ್ಕ ಒದ್ದೆ ಕೈಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತಳು. ಹಿಂದೆಯೇ ಮಂಜುಳಾ.

"ಏನಾಯ್ತ್ಲಾ? ಯಾಕ್ ಅಳ್ತಾವ್ರೆ?" ಎಂದು ಅಕ್ಕ ಕೂಗಿದಳು.

"ಅಳ್ತಿಲ್ಲ ಅಕ್ಕಾ, ನೋಡಿ," ಎಂದಳು ಮಂಜುಳಾ, "ಅಣ್ಣ ನಗ್ತಾವ್ರೆ."

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ಗಂಡನನ್ನೇ ನೋಡುತ್ತಾ ನಿಂತಳು. ಭಾವನ ನಗು ಒಂದು ಸಲ ಇಳಿಯಿತು, ನನ್ನ ಮುಖ ನೋಡಿ ಮತ್ತೆ ಏರಿತು, ಮತ್ತೆ ಮೆಲ್ಲಗೆ ಇಳಿಯತೊಡಗಿತು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಯಾವಾಗಲೂ ನನ್ನನ್ನು ದಬಾಯಿಸಿಯೇ ಮಾತಾಡುವವಳು, ಬೇಡುವ ದನಿಯಲ್ಲಿ ಹೇಳಿದಳು:

"ಯಂಕಟೇಸ, ಇನ್ನೊಂದ್ ಗುಟುಕು ಕುಡ್ಯಪ್ಪಾ."

ಕುಡಿದೆ.